ಪರದೆಯ ಮೇಲೆ ಎರಡು ಪಟ್ಟಿ

ಹೋಪ್ ವ್ಯಾಲಿ, ಕ್ಯಾರವಾನಿನೊಳಗಿಂದ
ಶನಿವಾರ, ೨೩ ಆಗಸ್ಟ್ ೨೦೦೩

          ಚಂದ್ರಿಕಾ,

ನಿನ್ನ ಹೆಸರಿಗೆ ಮೊದಲು ಒಂದು ಮಾತಿನಷ್ಟು ಜಾಗ ಬಿಟ್ಟಿದ್ದೇನೆ, ನೋಡು. ಯಾವಾಗಲೂ ‘ಪ್ರೀತಿಯ’ ಎಂದು ಬರೆಯುತ್ತಿದ್ದ ಜಾಗ ಅದು. ಈ ಸಲ ಅಲ್ಲಿ ಏನು ಬರೆಯಬೇಕೆಂದು ಕಾಗದ ಮುಗಿಯುವ ಹೊತ್ತಿಗೆ ತೀರ್ಮಾನ ಮಾಡುತ್ತೇನೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಹೋದ ಸಲ ಕೇಳಲು ಹೊರಟಾಗ ನಿಮ್ಮ ಮನೆಯ ಒಲೆಯ ಮೇಲೆ ಹಾಲು ಉಕ್ಕಿಬಿಟ್ಟಿತು, ನೀನು ಫೋನ್ ಇಟ್ಟೆ. ಕಾಗದವಾದರೆ ಒಲೆ ಆರಿಸಿ ಬಂದು ಮತ್ತೆ ಓದಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಸುತ್ತುಬಳಸಿ ಯಾಕೆ, ನೇರವಾಗಿ ಕೇಳಿಬಿಡುತ್ತೇನೆ. ನಮ್ಮ ಮನೆಯವರು ನನಗೆ ಹೇಳದೆ ಶೆಫೀಲ್ಡಿಗೆ ಯಾಕೆ ಬರುತ್ತಾರೆ? ‘ನನಗೇನು ಗೊತ್ತು’ ಅನ್ನಬೇಡ. ಬರ್ಮಿಂಗ್‌ಹ್ಯಾಮಿನಲ್ಲಿ ಮೀಟಿಂಗು ಎಂದು ಹೋದವರ ಕೋಟಿನ ಜೇಬಿನಲ್ಲಿ ಶೆಫೀಲ್ಡಿನ ಟ್ರಾಮ್ ಟಿಕೆಟ್ ಸಿಕ್ಕಿತು. ಆ ಊರಿನಲ್ಲಿ ಇವರು ಹೋಗಿಬರುವ ಮನೆ ಒಂದೇ, ನಿನ್ನದು. ಸಾಲದ್ದಕ್ಕೆ ಬ್ಯಾಗಿನಿಂದ ನೀನು ಮಾಡುವ ಹುರಿಗಡಲೆ ಚಟ್ನಿಪುಡಿಯ ಡಬ್ಬಿ ಬೇರೆ ಹೊರಬಿತ್ತು. ಕೇಳಿದರೆ, ‘ಚಿದಾನಂದನೂ ಅದೇ ಮೀಟಿಂಗಿಗೆ ಬಂದಿದ್ದ, ಕೊಟ್ಟ’ ಎಂದರು. ನಿನ್ನ ಗಂಡ ನರರೋಗದ ಡಾಕ್ಟರು, ನನ್ನ ಗಂಡ ಕಣ್ಣಿನ ಸರ್ಜನ್. ಇಬ್ಬರಿಗೂ ಸೇರಿ ಅದೆಂಥ ಮೀಟಿಂಗು? ಆ ಚಟ್ನಿಪುಡಿಯನ್ನು ನಾನು ಮುಟ್ಟಲೂ ಇಲ್ಲ.

ಫೆಬ್ರವರಿಯಿಂದ ಇವರು ಬೇರೆ ಮನುಷ್ಯರಾಗಿದ್ದಾರೆ ಕಣೇ. ಮೊದಲೆಲ್ಲ ರೋಟಾದ ಪಾಳಿ, ಆನ್ ಕಾಲ್ ಅಂತ ಮನೆಗೆ ಬರುವುದಕ್ಕೆ ಹೊತ್ತು ಗೊತ್ತು ಇರಲಿಲ್ಲ. ಈಗ ಬೆಳಕಿರುವಾಗಲೇ ಮನೆಗೆ ಬರುತ್ತಾರೆ, ವಾರದ ಕೊನೆಯಲ್ಲಿ ರಜವೋ ರಜ. ಬೇರೆ ಹೆಂಡತಿಯಾಗಿದ್ದರೆ ಖುಷಿಪಡುತ್ತಿದ್ದಳೇನೋ. ನಾನು ಗಮನಿಸುತ್ತಿದ್ದೇನೆ. ಗಡ್ಡ ಬಿಟ್ಟಿದ್ದಾರೆ. ಜನ್ಮದಲ್ಲಿ ಇಸ್ತ್ರಿ ಮಾಡಿದ ಶರ್ಟು ಬಿಟ್ಟು ಬೇರೆ ಹಾಕದವರು ಈಗ ಕಾಲೇಜು ಹುಡುಗರ ಹಾಗೆ ಟೀ ಶರ್ಟ್ ಹಾಕುತ್ತಾರೆ. ಲೇಸಿನ ಬೂಟುಗಳನ್ನೆಲ್ಲ ಚಾರಿಟಿ ಅಂಗಡಿಗೆ ಕೊಟ್ಟು, ಕಾಲು ತೂರಿಸಿದರೆ ಸಾಕು ಅನ್ನುವಂಥದ್ದು ತಂದಿದ್ದಾರೆ. ಐವತ್ತು ದಾಟಿದ ಗಂಡಸು ಇದ್ದಕ್ಕಿದ್ದಂತೆ ಸಿಂಗಾರ ಮಾಡಿಕೊಂಡರೆ ಹೆಂಡತಿ ಏನೆಂದುಕೊಳ್ಳಬೇಕು ಹೇಳು? ಮಾಳವಿಕಾಗೆ ಫೋನಿನಲ್ಲಿ ಹೇಳಿದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳು, ‘ಮಮ್, ಇಟ್ಸ್ ಎ ಮಿಡ್‌ಲೈಫ್ ಕ್ರೈಸಿಸ್, ಲೆಟ್ ಹಿಮ್ ಬಿ’ ಎಂದು ನಕ್ಕುಬಿಟ್ಟಳು.

ಕಾಫಿಯ ಕತೆ ಕೇಳು. ಲೋಟದಿಂದ ಡಬರಿಗೆ ಕಾಫಿಯನ್ನು ಮೇಲಿನಿಂದ ಇಳಿಸಿ ನೊರೆ ಬರಿಸುತ್ತಿದ್ದರಲ್ಲ, ನೀನೇ ಚಪ್ಪಾಳೆ ತಟ್ಟಿದ್ದೆ. ಈಗ ಅದೆಲ್ಲ ಬೇಡವಂತೆ, ಮಗ್ಗಿನಲ್ಲಿ ಕೊಡಬೇಕಂತೆ, ಅದೂ ಅರ್ಧ. ಇಷ್ಟು ವರ್ಷ ಇಲ್ಲದ ಮಗ್ಗಿನ ಅಭ್ಯಾಸ ಯಾರ ಮನೆಯಲ್ಲಿ ಆಯಿತು? ನನ್ನ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಕಾರ್ಡಿನ ತುಂಬ ಕನ್ನಡದಲ್ಲಿ ಬರೆಯುತ್ತಿದ್ದರು. ಈ ವರ್ಷ ಬರೀ ಸಹಿ. ಅದೂ ಎಷ್ಟು ಚಿಕ್ಕದು ಅಂದರೆ ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು. ಮನಸ್ಸಿದ್ದವರು ಹಾಗೆ ಸಹಿ ಮಾಡುತ್ತಾರಾ?

ಯುಗಾದಿಗೆ ನಾವೆಲ್ಲ ಹಡರ್ಸ್‌ಫೀಲ್ಡಿನಲ್ಲಿ ಸೇರಿದ್ದೆವಲ್ಲ, ಅಂದು ಆದದ್ದನ್ನೂ ಮರೆತಿಲ್ಲ. ಹೊಸದಾಗಿ ಬಂದ ಹುಡುಗಿಯರು ಮದುವೆಯ ಕತೆ ಕೇಳಿದರು, ನಾನು ಎಂದಿನಂತೆ ನನ್ನದು ಹೇಳಿದೆ. ನೀನು ನೂರು ಸಲ ಕೇಳಿದ್ದೀಯ: ಹೆಣ್ಣು ನೋಡಲು ಬಂದ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದೆ, ಕಣ್ಣಿಗೆ ಹುಳ ಬಿತ್ತು, ನೀರು ಸುರಿಯತೊಡಗಿತು. ಅತ್ತೆಯಾಗುವವರು ಹುಡುಗಿ ಅಳುಬುರುಕಿ ಅಂದುಕೊಂಡರು. ಇವರು ಎದ್ದು ಬಂದು, ಕರ್ಚೀಫಿನ ತುದಿಯಿಂದ, ನನಗೆ ಗೊತ್ತೇ ಆಗದ ಹಾಗೆ ಹುಳ ತೆಗೆದುಬಿಟ್ಟರು. ಮುಖ ಸರಿಯಾಗಿ ನೋಡಿರಲಿಲ್ಲ ನಾನು. ‘ಆ ಕೈ ಸಾಕಮ್ಮ, ಒಪ್ಪಿದೆ’ ಎಂದು ಒಳಗೆ ಹೋಗಿ ಅಮ್ಮನಿಗೆ ಹೇಳಿದೆ. ಎಲ್ಲರೂ ನಕ್ಕರು. ಇವರು ಮಾತ್ರ ಎಲೆಯ ಮುಂದಿನಿಂದ ಎದ್ದು ಹೋದರು. ಹಿಂದೆಯೇ ನೀನೂ ಎದ್ದೆ. ಒಬ್ಬಟ್ಟು ತರಲು ಎಂದೆ. ಒಬ್ಬಟ್ಟು ಬಡಿಸಿ ಆಗಿತ್ತು ಚಂದ್ರಿಕಾ.

ಆಮೇಲೆ ಈ ಕ್ಯಾರವಾನ್ ಬಂತು, ಹಳೆಯದು. ಅದರ ಬೆನ್ನಿಗೇ ಡಿಶ್ಶು. ಮಡಿಚಿ ಒಯ್ಯುವಂಥದ್ದು, ಮೂರು ಕಾಲಿನ ಸ್ಟ್ಯಾಂಡ್ ಮೇಲೆ ನಿಲ್ಲುತ್ತದೆ. ಮನೆಯ ಟೀವಿ ಡಬ್ಬವನ್ನೂ ಕಾರ್ಡನ್ನೂ ಕಿತ್ತು ತರುತ್ತೇವೆ. ‘ನಿನ್ನ ಹಿಂದಿ ಧಾರಾವಾಹಿ ತಪ್ಪಬಾರದಲ್ಲ, ನಿನಗೋಸ್ಕರ’ ಎಂದರು. ನನಗೋಸ್ಕರವಂತೆ! ಆ ಧಾರಾವಾಹಿಯನ್ನು ಅಳುವವರ ಸಂತೆ ಎಂದು ಬೈದವರು ಇವರೇ. ಇನ್ನೊಂದು ಗಮನಿಸಿದ್ದೇನೆ. ಬ್ರಿಟನ್ನಿನ ತುಂಬ ಕ್ಯಾರವಾನ್ ನಿಲ್ಲಿಸುವ ಜಾಗಗಳಿದ್ದರೂ ಪ್ರತಿ ಸಲ ನಾವು ಬರುವುದು ಬೆಟ್ಟದ ಈ ಕಡೆಗೇ, ಇಲ್ಲಿಂದ ರೈಲು ಹತ್ತಿದರೆ ಮುಂದಿನ ದೊಡ್ಡ ಊರು ನಿನ್ನದೇ.

ಈಗ, ನಾನು ಇದನ್ನು ಬರೆಯುತ್ತಿರುವಾಗ, ಇವರು ಹೊರಗೆ ಡಿಶ್ಶು ತಿರುಗಿಸುತ್ತಿದ್ದಾರೆ. ನನ್ನ ಕೆಲಸ ಟೀವಿಯ ಮುಂದೆ ಕೂತು ಎರಡು ಪಟ್ಟಿ ನೋಡುವುದು. ಮೇಲಿನದು ಸಿಗ್ನಲ್ಲಿನ ಶಕ್ತಿ, ಕೆಳಗಿನದು ಗುಣಮಟ್ಟ. ಉಪಗ್ರಹ ಆಗ್ನೇಯ ದಿಕ್ಕಿನಲ್ಲಿದೆಯಂತೆ. ದಿಕ್ಸೂಚಿ ನೋಡಿ ಡಿಶ್ಶನ್ನು ಅತ್ತ ತಿರುಗಿಸಬೇಕು, ಮೂತಿಯನ್ನು ಬೇಕಾದಷ್ಟೇ ಎತ್ತಬೇಕು, ಕೂದಲೆಳೆಯಷ್ಟು ಆಚೀಚೆ ಆದರೂ ಏನೂ ಬರುವುದಿಲ್ಲ. ಎರಡೂ ಪಟ್ಟಿ ಉದ್ದ ಆದ ಕೂಡಲೆ ನಾನು ‘ಬಂತು’ ಎಂದು ಕೂಗಬೇಕು, ಇವರು ನಟ್ಟು ಬಿಗಿಯಬೇಕು. ಏಪ್ರಿಲ್‌ನಲ್ಲಿ ಕುಕ್ಕರು ಕೂಗುವುದರೊಳಗೆ ಆಗುತ್ತಿದ್ದ ಕೆಲಸ ಈಗ ಊಟ ಆರಿದರೂ ಮುಗಿಯುವುದಿಲ್ಲ. ಬೇಕೆಂದೇ ಎಳೆಯುತ್ತಿದ್ದಾರೆ ಎಂಬುದು ನನ್ನ ಲೆಕ್ಕಾಚಾರ. ನನ್ನನ್ನು ಇಲ್ಲಿ ಪಟ್ಟಿ ಕಾಯಲು ಕೂರಿಸಿ, ಉದ್ದದ ಕೇಬಲ್ ಎಳೆದುಕೊಂಡು ಕ್ಯಾರವಾನಿನ ಹಿಂದೆ, ಬೇಲಿಯ ಹತ್ತಿರ ಹೋಗುತ್ತಾರೆ. ‘ಈ ಕಡೆ ಮರ ಅಡ್ಡ’ ಎನ್ನುತ್ತಾರೆ. ಎದ್ದು ಹೋಗಿ ನೋಡಿದ್ದೇನೆ, ಮರವೂ ಇಲ್ಲ ಮಣ್ಣೂ ಇಲ್ಲ, ಕುರಿಗಳಿವೆ.

ಪಕ್ಕದ ಕ್ಯಾರವಾನಿನ ರಾನ್ ಎಂಬ ಮುದುಕ ನಮ್ಮ ನಂತರ ಬಂದು, ಡಿಶ್ಶು ನಿಲ್ಲಿಸಿ, ಟೀವಿ ಹಾಕಿ, ಹೆಂಡತಿಗೆ ಚಹ ಮಾಡಿಕೊಟ್ಟಿದ್ದೂ ಆಯಿತು. ಪಾಪ, ‘ಒಂದು ಕೈ ಹಾಕಲಾ ಡಾಕ್ಟರ್?’ ಎಂದು ಬಂದ. ಇವರು ಅವನ ಮೇಲೆ ರೇಗಿ ಕಳಿಸಿದರು. ಯಾರ ಮೇಲೂ ದನಿ ಏರಿಸದ ಮನುಷ್ಯ! ನಾನು ಬಾಗಿಲಿಗೆ ಬಂದರೆ ಥಟ್ಟನೆ ಬಲಗೈ ಜೇಬಿಗೆ ಹೋಗುತ್ತದೆ. ‘ಒಳಗೆ ಹೋಗೇ, ಪಟ್ಟಿ ಯಾರು ನೋಡೋರು?’ ಎಂದು ನನಗೂ ಗದರಿದರು. ಜೇಬಿನಲ್ಲಿ ಮೊಬೈಲಿದೆ, ಅಲ್ಲಿಂದ ಯಾರಿಗೋ ಫೋನ್ ಹೋಗುತ್ತದೆ ಎಂದು ಅಂದುಕೊಂಡು ಒಳಗೆ ಬಂದರೆ, ಮೊಬೈಲು ಇಲ್ಲೇ ಚಮಚಗಳ ಡ್ರಾಯರಿನಲ್ಲಿದೆ. ಅಂದರೆ ಎರಡನೆಯದೊಂದು ಇರಬೇಕು.

ತಾಳು, ಕರೆಯುತ್ತಿದ್ದಾರೆ. ‘ಬಂತಾ?’ ಅಂತೆ. ‘ಬರ್ಲಿಲ್ಲ!’ ಎಂದೆ. ಕೆಳಗಿನ ಪಟ್ಟಿ ಚೂರು ಏರುತ್ತದೆ, ನಡುಗುತ್ತದೆ, ಬಿದ್ದುಹೋಗುತ್ತದೆ. ಗಾಳಿ ಇರಬೇಕು.

ನೋಡು ಚಂದ್ರಿಕಾ, ಈ ದೇಶಕ್ಕೆ ಬಂದ ಹೊಸದರಲ್ಲಿ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಬೇಯಿಸಿದವರು ನಾವು. ನನ್ನ ಬಾಣಂತನ ಮಾಡಿದವಳು ನೀನು. ನಿನ್ನ ಬಗ್ಗೆ ಹೀಗೆ ಬರೆಯುವಾಗ ನನಗೆ ಸಂಕಟವಾಗುವುದಿಲ್ಲ ಎಂದುಕೊಳ್ಳಬೇಡ. ಆದರೆ ಗಂಡ, ಗೆಳತಿ ಇಬ್ಬರೂ ಸೇರಿ ನನ್ನನ್ನು ಪೆದ್ದಿ ಮಾಡುತ್ತಿದ್ದರೆ ನಾನು ಉಳಿಯುವುದು ಎಲ್ಲಿ? ಇದ್ದದ್ದನ್ನು ಇದ್ದ ಹಾಗೆ ಬರೆದು ತಿಳಿಸು. ಈ ಕಾಗದವನ್ನು ನಾಳೆ ಹಳ್ಳಿಯ ಅಂಚೆಪೆಟ್ಟಿಗೆಗೆ ಹಾಕುತ್ತೇನೆ.

ಭಾನುವಾರ, ಸಂಜೆ

ಹಾಕಲಿಲ್ಲ. ಮುಂದಕ್ಕೆ ಬರೆಯುತ್ತಿದ್ದೇನೆ. ಮೇಲಿನದನ್ನು ಹರಿದುಹಾಕಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ, ಆಗಲಿಲ್ಲ. ನಾನು ಎಂಥವಳೆಂದು ನಿನಗೂ ಗೊತ್ತಿರಲಿ.

ನಿನ್ನೆ ಸಿಗ್ನಲ್ ಬರಲೇ ಇಲ್ಲ. ಇವತ್ತು ಊಟವಾದ ಮೇಲೆ ಇವರು ಮತ್ತೆ ಡಿಶ್ಶು ಎತ್ತಿಕೊಂಡು ಹೊರಟರು. ‘ಬಿಟ್ಟಾಕಿ ಅತ್ಲಾಗೆ, ಧಾರಾವಾಹಿ ಇಲ್ದೆ ಸಾಯಲ್ಲ ನಾನು’ ಎಂದೆ. ‘ಇಲ್ಲ, ಇವತ್ತು ಬರುತ್ತೆ’ ಎಂದರು. ನಾನು ಟೀವಿಯ ಮುಂದೆ ಕೂತೆ. ಕೆಳಗಿನ ಪಟ್ಟಿ ಅರ್ಧದವರೆಗೆ ಬಂತು, ಬಂದು ನಡುಗತೊಡಗಿತು. ಏರುತ್ತದೆ, ಇಳಿಯುತ್ತದೆ, ಒಂದು ಕ್ಷಣವೂ ಸುಮ್ಮನೆ ಇರದು. ಗಾಳಿಯೆಂದುಕೊಂಡು ಕಿಟಕಿಯ ಆಚೆ ನೋಡಿದೆ. ರಾನ್‌ನ ಹೆಂಡತಿ ಹಗ್ಗದ ಮೇಲೆ ಟವೆಲು ಒಣಗಿಸಿದ್ದಳು. ಒಂದೂ ಅಲುಗುತ್ತಿರಲಿಲ್ಲ. ಎಲೆ ಕೂಡ ಅಲುಗದ ಸೆಖೆ, ಈ ವರ್ಷದ ಬೇಸಿಗೆ ನಿನಗೆ ಗೊತ್ತಲ್ಲ.

ಏನು ತಲೆಗೆ ಬಂತೋ, ‘ರೀ, ಕೈ ಬಿಡಿ!’ ಎಂದು ಕೂಗಿದೆ. ಬಿಟ್ಟರು. ಪಟ್ಟಿ ನಿಂತಿತು. ಗಿಡ್ಡವಾಗಿದ್ದರೂ ಅಲುಗದೆ ನಿಂತಿತು. ‘ಹಿಡೀರಿ!’ ಎಂದೆ. ನಡುಕ ಶುರು. ಡಿಶ್ಶೇ ಸಡಿಲವಿರಬೇಕು ಎಂದುಕೊಂಡು ಮತ್ತೆ ‘ಬಿಡಿ’ ಎಂದೆ, ಮತ್ತೆ ‘ಹಿಡೀರಿ’ ಎಂದೆ. ಬಿಟ್ಟರೆ ಕಲ್ಲಿನಂತೆ ನಿಲ್ಲುತ್ತದೆ, ಹಿಡಿದರೆ ನಡುಗುತ್ತದೆ. ಎದ್ದು ಹೋಗಿ ಹಿಂದಿನ ಕಿಟಕಿಯ ಪರದೆ ಸರಿಸಿದೆ.

ಅಲ್ಲಿ ಯಾವ ಮೊಬೈಲೂ ಇರಲಿಲ್ಲ ಚಂದ್ರಿಕಾ. ಇವರು ಡಿಶ್ಶಿನ ಮುಂದೆ ಮಂಡಿಯೂರಿ ಕೂತಿದ್ದರು. ಸ್ಪ್ಯಾನರ್ ಹುಲ್ಲಿನ ಮೇಲೆ ಬಿದ್ದಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಎದೆಗೆ ಒತ್ತಿಕೊಂಡಿದ್ದರು. ಹಾಗೆ ಒತ್ತಿ ಹಿಡಿದರೂ ಆ ಕೈಯ ಬೆರಳು ಅಲುಗುತ್ತಲೇ ಇತ್ತು.

ಟೀ ಶರ್ಟಿಗೆ ಗುಂಡಿ ಇಲ್ಲ. ಬೂಟಿಗೆ ಲೇಸಿಲ್ಲ. ಗಡ್ಡಕ್ಕೆ ರೇಜರ್ ಬೇಡ. ಅರ್ಧ ಮಗ್ಗು ಚೆಲ್ಲುವುದಿಲ್ಲ. ಎಲ್ಲ ನನ್ನ ಕಣ್ಣ ಮುಂದೆಯೇ ಇತ್ತು, ಒಂದನ್ನೂ ಬಿಡದೆ ನೋಡಿದ್ದೆ, ಒಂದೂ ತಿಳಿದಿರಲಿಲ್ಲ. ಶೆಫೀಲ್ಡಿಗೆ ಯಾಕೆ, ಯಾರ ಹತ್ತಿರ ಎಂಬುದೂ ಆಗ ಹೊಳೆಯಿತು. ನರರೋಗದ ಡಾಕ್ಟರು. ಆ ಗಳಿಗೆಯಲ್ಲಿ ನೀನೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ, ದೇವರಾಣೆ. ನಿನ್ನ ಜೊತೆ ಆದರೆ ಜಗಳವಾಡಬಹುದಿತ್ತು. ಇದರ ಜೊತೆ ಯಾರು ಜಗಳವಾಡುತ್ತಾರೆ?

ಹೊರಗಿನಿಂದ ‘ಬಂತಾ?’ ಎಂದು ಕೇಳಿಸಿತು. ಆ ದನಿಯಲ್ಲಿ ಎಷ್ಟು ಆಸೆ ಇತ್ತು ಗೊತ್ತಾ? ಟೀವಿಯ ಕಡೆ ನೋಡಲೂ ಇಲ್ಲ ನಾನು. ‘ಬಂತು! ಬಂತು ರೀ, ತುಂಬ ಚೆನ್ನಾಗಿ ಬಂತು, ಸಾಕು ಬಿಟ್ಟು ಬನ್ನಿ!’ ಎಂದು ರಾನ್‌ಗೂ ಕೇಳುವಷ್ಟು ಜೋರಾಗಿ ಕೂಗಿದೆ. ಆಮೇಲೆ ಟೀವಿ ಆರಿಸಿ ಕಾಫಿಗೆ ಇಟ್ಟೆ. ಇವರು ಒಳಗೆ ಬರಲು ತುಂಬ ಹೊತ್ತಾಯಿತು. ಬಂದು ಕಪ್ಪು ಪರದೆಯನ್ನು ನೋಡಿದರು. ‘ಹಳೇ ಕಂತೇ ಹಾಕಿದಾರೆ, ಅದಕ್ಕೆ ಆರಿಸ್ದೆ’ ಎಂದೆ. ಅರ್ಧ ಮಗ್ಗು ಕಾಫಿ ತಂದು ಎಡಗೈಯ ಕಡೆಗೆ ಇಟ್ಟೆ. ಮಗ್ಗನ್ನು ನೋಡಿದರು, ನನ್ನನ್ನು ನೋಡಿದರು.

ಹೆಂಡತಿಯಾಗಿ ಮೊದಲು ಏನು ಕೇಳಬೇಕಿತ್ತೋ ಅದನ್ನು ಕೇಳಲಿಲ್ಲ. ಇನ್ನೊಂದು ಭಯ ಅದಕ್ಕಿಂತ ಮುಂದೆ ಬಂತು. ಈ ಕೈ ಜನರ ಕಣ್ಣಿನೊಳಗೆ ಹೋಗುವ ಕೈ. ‘ಇನ್ನೂ ಆಪರೇಷನ್ ಮಾಡ್ತಿದೀರಾ? ನಿಜ ಹೇಳಿ’ ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. ಇವರು ತಲೆ ಅಲ್ಲಾಡಿಸಿದರು. ‘ಫೆಬ್ರವರಿಯಿಂದ ಥಿಯೇಟರಿನೊಳಗೆ ಕಾಲಿಟ್ಟಿಲ್ಲ ಕಣೆ. ಚಿದಾನಂದ ಹೇಳಿದ ದಿನವೇ ಆಸ್ಪತ್ರೆಗೆ ಹೇಳ್ಬಿಟ್ಟೆ. ಬರೀ ಕ್ಲಿನಿಕ್ಕು ಈಗ, ನೋಡಿ ಔಷಧಿ ಬರೆಯೋದು, ಹುಡುಗರಿಗೆ ಹೇಳಿಕೊಡೋದು’ ಎಂದರು. ಪಾರ್ಕಿನ್ಸನ್ ಅಂತೆ. ಶುರುವಿನ ಹಂತವಂತೆ, ಮಾತ್ರೆ ಇದೆಯಂತೆ, ವರ್ಷಗಟ್ಟಲೆ ನಡೆಯುತ್ತದಂತೆ. ಬಾಯಿಪಾಠ ಮಾಡಿದಂತೆ ಹೇಳಿದರು.

ಆಮೇಲೆ ಬಂತು ನೋಡು ನನಗೆ ಸಿಟ್ಟು. ಥಿಯೇಟರಿನ ಸಿಸ್ಟರಿಗೆ ಗೊತ್ತು, ರೋಟಾ ಬರೆಯುವ ಗುಮಾಸ್ತೆಗೆ ಗೊತ್ತು, ಒಂದೇ ಹಾಸಿಗೆಯಲ್ಲಿ ಮಲಗುವ ನನಗೆ ಗೊತ್ತಿಲ್ಲ! ‘ನಾನೇನು ಪರದೇಶಿಯಾ ನಿಮಗೆ?’ ಎಂದು ಅತ್ತೆ, ಕೂಗಾಡಿದೆ. ಇವರು ಎಲ್ಲ ಕೇಳಿಸಿಕೊಂಡು ಮೆಲ್ಲಗೆ, ‘ನೀನು ಸಿಕ್ಕಿದವರಿಗೆಲ್ಲ ಆ ಕತೆ ಹೇಳ್ತೀಯಲ್ಲ ಶೋಭಾ, ಆ ಕೈ ಸಾಕು ಅಂದೆ ಅಂತ. ಅದು ಹೋಯ್ತು ಅಂತ ನಿನಗೆ ಹೆಂಗೆ ಹೇಳ್ಲಿ?’ ಎಂದರು.

ಡಿಶ್ಶಿನ ಹುಚ್ಚು ಯಾಕೆಂದೂ ಹೇಳಿದರು. ಕ್ಲಿನಿಕ್ಕಿನಲ್ಲಿ ಕೈಗೆ ಸೂಕ್ಷ್ಮ ಕೆಲಸ ಉಳಿದಿಲ್ಲ. ಇಲ್ಲಿ, ಯಾರ ಕಣ್ಣಿಗೂ ಅಪಾಯವಿಲ್ಲದ ಕಡೆ, ಕೂದಲೆಳೆಯಷ್ಟು ತಿರುಗಿಸುವುದು ಇನ್ನೂ ಬರುತ್ತದಾ ಎಂದು ಪ್ರತಿ ವಾರ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರಂತೆ. ಏಪ್ರಿಲ್‌ನಲ್ಲಿ ಬರುತ್ತಿತ್ತು. ಜೂನಿನಲ್ಲೂ ಬರುತ್ತಿತ್ತು. ನಾನು ಒಳಗೆ ಕೂತು ‘ಬರ್ಲಿಲ್ಲ, ಬರ್ಲಿಲ್ಲ’ ಎಂದು ಕೂಗಿದ್ದೆಲ್ಲ ಆ ಪರೀಕ್ಷೆಯ ಫಲಿತಾಂಶವಾಗಿತ್ತು.

ಸೋಮವಾರ, ಬ್ಯಾಂಕ್ ಹಾಲಿಡೇ, ಬೆಳಿಗ್ಗೆ

ಇವತ್ತು ಕೆಲಸ ಅದಲುಬದಲು. ನಾನು ಹೊರಗೆ, ಇವರು ಪಟ್ಟಿಯ ಮುಂದೆ. ಯಾವ ಮರೆಯೂ ಬೇಡವೆಂದು ಡಿಶ್ಶನ್ನು ಬಾಗಿಲ ಎದುರಿಗೇ ನಿಲ್ಲಿಸಿದೆ. ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು. ಇವರೋ ಒಳಗಿನಿಂದ ಥಿಯೇಟರಿನಲ್ಲಿ ಹುಡುಗರಿಗೆ ಹೇಳುವ ಧಾಟಿಯಲ್ಲಿ, ‘ಎಡಕ್ಕೆ, ಇನ್ನೂ ಚೂರು, ಉಸಿರು ಹಿಡ್ಕೊ, ಹಾಂ ಈಗ ಮೂತಿ ಎತ್ತು’ ಎಂದು ಅಪ್ಪಣೆ ಕೊಡುತ್ತಿದ್ದರು. ನಡುವೆ ಅಪ್ಪಣೆ ನಿಂತಿತು. ‘ರೀ, ಬಂತಾ?’ ಎಂದರೆ ಉತ್ತರವಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಈ ಕಾಗದವನ್ನು ಟೀವಿಯ ಪಕ್ಕದಲ್ಲಿ, ಬಿಸ್ಕತ್ತಿನ ತಟ್ಟೆಯ ಕೆಳಗೆ ಇಟ್ಟಿದ್ದೆ. ಪರದೇಶದ ಗೂಢಚಾರಿಣಿ ಸಿಕ್ಕಿಬಿದ್ದದ್ದು ಹೀಗೆ.

ಬಾಗಿಲಿಗೆ ಓಡಿದೆ. ಇವರು ಮೊದಲ ಹಾಳೆಗಳನ್ನು ಹಿಡಿದು ಕೂತು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗು. ‘ಚಂದ್ರಿಕಾನಾ? ಅಯ್ಯೋ ಮಾರಾಯ್ತಿ, ಅವಳ ಕೈಲಿ ಚಿದಾನಂದನೇ ಹೆದರಿ ಸಾಯ್ತಾನೆ!’ ಎಂದರು. ಫೆಬ್ರವರಿಯಿಂದ ಇವರು ಹೀಗೆ ನಕ್ಕದ್ದು ನಾನು ನೋಡಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಜೀವಕ್ಕೆ ಹಾಯ್ ಎಂದೂ ಅನ್ನಿಸಿತು. ನಿನ್ನ ಮಾನಕ್ಕೆ ಆದ ಹಾನಿಗೆ ಮುಂದಿನ ವಾರ ಬಂದು ಕಾಲು ಹಿಡಿಯುತ್ತೇನೆ, ಬಿಸಿಬೇಳೆ ಬಾತ್ ಮಾಡಿ ತರುತ್ತೇನೆ.

ಚಿದಾನಂದ ಅವರು ನಿನಗೂ ಕಾಯಿಲೆಯ ಹೆಸರು ಹೇಳಿರಲಾರರು. ರೋಗಿಯ ವಿಷಯ ಹೆಂಡತಿಗೂ ಹೇಳದ ಡಾಕ್ಟರುಗಳನ್ನು ಕಟ್ಟಿಕೊಂಡವರು ನಾವು. ಆದರೆ ಇವರು ನಿಮ್ಮ ಮನೆಗೆ ಬಂದದ್ದು ನಿನಗೆ ಗೊತ್ತಿತ್ತು, ಯಾರಿಗೂ ಹೇಳಬೇಡ ಎಂದಿರಬೇಕು, ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿರಬೇಕು. ಅಷ್ಟು ಮಾತ್ರ ನನಗೆ ಈಗ ಅರ್ಥವಾಗುತ್ತದೆ. ಆದರೂ ಒಂದು ವಿಷಯಕ್ಕೆ ಉತ್ತರ ಬೇಕೇ ಬೇಕು: ಅವತ್ತು ಹಾಲು ನಿಜವಾಗಿ ಉಕ್ಕಿತ್ತಾ?

ಮೇಲೆ ಖಾಲಿ ಬಿಟ್ಟ ಜಾಗದಲ್ಲಿ ‘ಪ್ರೀತಿಯ’ ಎಂದು ಸೇರಿಸಿಕೊಂಡು, ಮೊದಲಿನಿಂದ ಇನ್ನೊಮ್ಮೆ ಓದು.

ನಿನ್ನ ಅನುಮಾನದ ಪಿಶಾಚಿ,
ಶೋಭಾ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವಾಗ ಇವರು ಪೆನ್ನು ಇಸಿದುಕೊಂಡು, ಕೆಳಗೆ ತಾವೂ ಒಂದೆರಡು ಸಾಲು ಬರೆದರು. ಬರೆಯಲು ಎಷ್ಟು ಹೊತ್ತಾಯಿತೆಂದು ನಾನು ಹೇಳುವುದಿಲ್ಲ. ಅಕ್ಷರ ತುಂಬ ಸಣ್ಣದು, ಕನ್ನಡಕ ಹಾಕಿಕೊಂಡು ಓದು.

ಚಂದ್ರಿಕಾ, ನಿನ್ನೆ ನಾನು ಸೋಲೊಪ್ಪಿಕೊಂಡು ಡಿಶ್ಶಿನ ಕೇಬಲನ್ನು ಕಿತ್ತು ಕೈಯಲ್ಲಿ ಹಿಡಿದಿದ್ದೆ. ಕೊನೆಯ ಸಲ ‘ಬಂತಾ’ ಎಂದು ಕೇಳಿದ್ದು ಆಮೇಲೆ, ‘ಬರ್ಲಿಲ್ಲ’ ಅಂದರೆ ಕೆಟ್ಟುಹೋಗಿದೆ ಎಂದು ಹೇಳಿ ಮುಗಿಸಲು. ಆಗಲೇ ಇವಳು ‘ಬಂತು, ತುಂಬ ಚೆನ್ನಾಗಿ ಬಂತು’ ಎಂದು ಕೂಗಿದಳು. ಇವಳಿಗೆ ಎಲ್ಲ ಗೊತ್ತಾಯಿತೆಂದು ಆಗ ತಿಳಿಯಿತು. ಒಳಗೆ ಹೋಗಲು ತಡವಾದದ್ದು ಕೈಯಿಂದಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದೆ. — ಇಂದುಶೇಖರ